ಬಣ್ಣ ಮಾಸಿದ ಫೈಬರ್ ದೋಣಿಗೆ ಮತ್ತೆ ಹೊಳಪು ತರುವುದು ಹೇಗೆ?

ದೋಣಿಗೆ ಒರಗಿ ನಿಂತು ಅರ್ಧ ಗಂಟೆ ಹರಟಿ ಮನೆಗೆ ಬಂದಿದ್ದೆ. "ಬೆನ್ನಿಗೆ ಎಂತ ಇದು, ಬಳಪದ ಪುಡಿಯಾ?" ಅಂತ ಹೆಂಡತಿ ಕೇಳಿದಳು. ಕಪ್ಪು ಅಂಗಿ ಬಿಚ್ಚಿ ನೋಡಿದರೆ ಹಿಂಬದಿ ಪೂರ್ತಿ ತೆಳು ನೀಲಿ ಹಿಟ್ಟು. ದೋಣಿಯ ಬಣ್ಣ ಅಂಗಿಗೆ ಬಂದಿತ್ತು.

18 ಅಡಿಯ ಫೈಬರ್ ದೋಣಿ ಅದು. ಕೋಡಿಬೆಂಗ್ರೆ ಹತ್ತಿರ, ಸ್ವರ್ಣಾ ನದಿ ಕಡಲು ಸೇರುವ ಕಡೆ ಕಟ್ಟಿಡುತ್ತೇನೆ. ತಂದಾಗ ಕಡು ನೀಲಿ ಇತ್ತು. ಒಂಬತ್ತು ವರ್ಷ ಬಿಸಿಲು, ಉಪ್ಪುಗಾಳಿ ತಿಂದು ನೂರು ಸಲ ಒಗೆದ ಯೂನಿಫಾರ್ಮಿನ ಹಾಗಾಗಿತ್ತು. ಅದನ್ನು ಸರಿ ಮಾಡಲು ನನಗೆ ಎರಡು ಸೀಸನ್ ಹಿಡಿಯಿತು. ಮೊದಲನೇ ವರ್ಷ ಅಂಗಡಿಯಲ್ಲಿದ್ದ ದುಬಾರಿ ವ್ಯಾಕ್ಸ್ ತಂದು ಇಡೀ ದಿನ ತಿಕ್ಕಿದೆ. ಸಂಜೆಗೆ ಮಿರಮಿರ ಮಿಂಚಿತು. ಹದಿನೈದು ದಿನಕ್ಕೆ ಮೊದಲಿನ ಹಾಗೇ ಆಯಿತು. ತಪ್ಪು ವ್ಯಾಕ್ಸಿನದಲ್ಲ. ಕೊನೆಗೆ ಮಾಡುವ ಕೆಲಸವನ್ನು ನಾನು ಮೊದಲು ಮಾಡಿದ್ದೆ.

ಮುಂದೆ ಬರೆದಿರುವುದೆಲ್ಲ ನೀರಿನ ಗೆರೆಗಿಂತ ಮೇಲಿನ ಭಾಗಕ್ಕೆ ಮಾತ್ರ, ಅದೂ ಫೈಬರ್ ದೋಣಿಗೆ. ಮರದ ದೋಣಿಯವರಿಗೆ ಗೇರು ಎಣ್ಣೆ, ಮೀನೆಣ್ಣೆಯ ಬೇರೆಯೇ ಲೆಕ್ಕ ಉಂಟು. ಆ ಎಣ್ಣೆಯನ್ನು ಮರ ಕುಡಿಯುತ್ತದೆ. ಫೈಬರ್ ಕುಡಿಯುವುದಿಲ್ಲ.

ಹೊಳಪು ಎಲ್ಲಿಂದ ಬಂದಿತ್ತು, ಎಲ್ಲಿಗೆ ಹೋಯಿತು?

ಫೈಬರ್ ದೋಣಿ ಕಟ್ಟುವುದನ್ನು ಒಮ್ಮೆ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಮೊದಲು ಅಚ್ಚಿನ ಒಳಮೈಯನ್ನು ಕನ್ನಡಿಯಂತೆ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚುತ್ತಾರೆ. ಅದರ ಮೇಲೆ ಬಣ್ಣ ಬೆರೆಸಿದ ದಪ್ಪ ರೆಸಿನ್, ಅಂದರೆ ಆರಿದರೆ ಗಟ್ಟಿಯಾಗುವ ಅಂಟು, ಒಂದು ಪದರ ಬೀಳುತ್ತದೆ. ಇದೇ ಜೆಲ್‌ಕೋಟ್. ಆಮೇಲೆ ಗಾಜಿನ ನಾರಿನ ಮ್ಯಾಟ್, ರೆಸಿನ್, ಮತ್ತೆ ಮ್ಯಾಟ್, ಮತ್ತೆ ರೆಸಿನ್. ಎಲ್ಲ ಗಟ್ಟಿಯಾದ ಮೇಲೆ ಅಚ್ಚಿನಿಂದ ಎಬ್ಬಿಸಿದರೆ ದೋಣಿ ಫಳಫಳ ಹೊಳೆಯುತ್ತದೆ. ಅಚ್ಚಿನ ನುಣುಪೇ ಜೆಲ್‌ಕೋಟಿನ ಮೈಗೆ ಬಂದಿರುತ್ತದೆ, ಅಷ್ಟೆ. ಹೊಳಪಿಗೆ ಅಂತ ಬೇರೆ ಪದರ ಏನೂ ಇರುವುದಿಲ್ಲ.

ಬಿಸಿಲಿನ ಅತಿನೇರಳೆ ಕಿರಣ ಈ ರೆಸಿನನ್ನು ಮೇಲಿಂದ ಸ್ವಲ್ಪ ಸ್ವಲ್ಪವೇ ಒಡೆಯುತ್ತದೆ. ಬಣ್ಣದ ಕಣಗಳನ್ನು ಹಿಡಿದಿಟ್ಟಿದ್ದ ಅಂಟು ಹೋದರೆ ಅವು ಪುಡಿಯಾಗಿ ಕೈಗೆ ಬರುತ್ತವೆ. ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಏಳುತ್ತವೆ. ಬೆಳಕು ಅಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ, ದೋಣಿ ಮಂಕಾಗಿ ಕಾಣುತ್ತದೆ. ಕೆಂಪು, ನೀಲಿಯಂಥ ಗಾಢ ಬಣ್ಣದಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಬಿಳಿ ದೋಣಿಯೂ ಪುಡಿ ಬಿಡುತ್ತದೆ, ಬಿಳಿ ಮೇಲೆ ಬಿಳಿ ಕಾಣುವುದಿಲ್ಲ ಅಷ್ಟೆ.

ನೀರು ಎರಚಿದ ಕೂಡಲೇ ಹಳೇ ಬಣ್ಣ ವಾಪಸ್ ಬಂದಂತೆ ಕಾಣುತ್ತದಲ್ವಾ? ಕುಳಿಗಳಲ್ಲಿ ನೀರು ತುಂಬಿ ಮೈ ಕ್ಷಣಕಾಲ ಸಮವಾಗುತ್ತದೆ. ಮಾರುವ ಮುಂಚೆ ದೋಣಿಗೆ ತೆಂಗಿನೆಣ್ಣೆಯೋ ಡೀಸೆಲ್ಲೋ ಒರೆಸುವವರ ಉಪಾಯವೂ ಇದೇ. ನನ್ನ ಮೊದಲ ವರ್ಷದ ವ್ಯಾಕ್ಸ್ ಮಾಡಿದ್ದೂ ಇಷ್ಟೇ. ನಿಲ್ಲುವ ಹೊಳಪು ಬೇಕಾದರೆ ಸತ್ತ ಪದರವನ್ನು ತೆಗೆದು ಅಡಿಯ ಗಟ್ಟಿ ಜೆಲ್‌ಕೋಟನ್ನು ನುಣುಪು ಮಾಡಬೇಕು.

ಇಲ್ಲೊಂದು ಲೆಕ್ಕ ನೆನಪಿಡಿ. ಜೆಲ್‌ಕೋಟಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಕಾರಿನ ಮೇಲಿನ ಕ್ಲಿಯರ್ ಕೋಟಿಗೆ ಹೋಲಿಸಿದರೆ ಸುಮಾರು ಹತ್ತು ಪಟ್ಟು. ತಿಕ್ಕಲು ಜಾಗ ಉಂಟು, ಆದರೆ ಪ್ರತಿ ಸಲವೂ ಅದೇ ಗಂಟಿನಿಂದ ಖರ್ಚು. ಎಷ್ಟು ಕಡಿಮೆ ತೆಗೆದು ಕೆಲಸ ಮುಗಿಸುತ್ತೀರಿ ಅನ್ನುವುದರಲ್ಲೇ ಜಾಣತನ ಇದೆ.

ಮೊದಲು ದೋಣಿಯ ನಾಡಿ ನೋಡಿ

ಒದ್ದೆ ಕಪ್ಪು ಬಟ್ಟೆಯಿಂದ ಒಂದು ಕಡೆ ಒರೆಸಿ. ಪುಡಿ ಬಂತೋ ನೋಡಿ. ಆಮೇಲೆ ನೀರು ಹಾಕಿ. ಒದ್ದೆಯಲ್ಲಿ ಬಣ್ಣ ತುಂಬಿಕೊಂಡು ಕಂಡರೆ ಜೆಲ್‌ಕೋಟಿನಲ್ಲಿ ಇನ್ನೂ ಜೀವ ಇದೆ, ತಿಕ್ಕಿದರೆ ಎದ್ದು ಬರುತ್ತದೆ. ಒದ್ದೆಯಲ್ಲೂ ಮಚ್ಚೆ ಮಚ್ಚೆಯಾಗಿ, ಅಲ್ಲಲ್ಲಿ ಕಪ್ಪಾಗಿ, ನಾರಿನ ನೇಯ್ಗೆ ಕಂಡರೆ ಅಲ್ಲಿ ಜೆಲ್‌ಕೋಟ್ ಮುಗಿದಿದೆ. ಆ ಜಾಗಕ್ಕೆ ಪಾಲಿಶ್ ಪ್ರಯೋಜನವಿಲ್ಲ, ಪೇಂಟೇ ಗತಿ.

ಸೆಕೆಂಡ್ ಹ್ಯಾಂಡ್ ದೋಣಿಯಾದರೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಯಾರೋ ಮೇಲೆ ಪೇಂಟ್ ಹೊಡೆದಿರಬಹುದು. ಕಾಣದ ಮೂಲೆಯಲ್ಲಿ ಪುಡಿಯನ್ನೆಲ್ಲ ತೊಳೆದು ಒಣಗಿಸಿ, ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಅರ್ಧ ನಿಮಿಷ ಒತ್ತಿ ತಿಕ್ಕಿ. ಬಣ್ಣ ಕರಗಿ ಬಟ್ಟೆಗೆ ಅಂಟಿದರೆ ಅದು ಸಾದಾ ಪೇಂಟ್. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್ ಹೀಗೆ ಕರಗುವುದಿಲ್ಲ. ಅದಕ್ಕೆ ಹಳೇ ಗೀರು, ಸ್ಕ್ರೂ ತೂತಿನ ಅಂಚು ನೋಡಿ. ಬಣ್ಣದ ಕೆಳಗೆ ಬೇರೆ ಬಣ್ಣ ಇಣುಕುತ್ತಿದ್ದರೆ ಅದು ಪೇಂಟ್. ಪೇಂಟ್ ಜೆಲ್‌ಕೋಟಿಗಿಂತ ತುಂಬಾ ತೆಳು. ಮುಂದೆ ಹೇಳುವ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಸ್ಯಾಂಡ್‌ಪೇಪರ್) ಅದಕ್ಕೆ ತಾಗಿಸಬೇಡಿ.

ಉಗುರಿಗೆ ಸಿಕ್ಕುವ ಗೀರು, ಎಗರಿದ ಚೂರು, ಜೇಡರ ಬಲೆಯಂಥ ಬಿರುಕು ಇದ್ದರೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಡಿ. ಅವುಗಳನ್ನು ಜೆಲ್‌ಕೋಟ್ ತುಂಬಿ ರಿಪೇರಿ ಮಾಡಿಯೇ ಹೊಳಪಿನ ಕೆಲಸಕ್ಕೆ ಇಳಿಯಬೇಕು. ವ್ಯಾಕ್ಸ್ ಬಿದ್ದ ಮೈಗೆ ಜೆಲ್‌ಕೋಟ್ ಹಿಡಿಯುವುದಿಲ್ಲ. ರಿಪೇರಿ ನೀವೇ ಮಾಡುವುದಾದರೆ ಒಂದು ಎಚ್ಚರಿಕೆ. ಫೈಬರ್ ಅಂಗಡಿಯಲ್ಲಿ ರೆಸಿನ್ ಜೊತೆ ಕೋಬಾಲ್ಟ್, ಹಾರ್ಡ್‌ನರ್ ಅಂತ ಎರಡು ಬಾಟಲಿ ಕೊಡುತ್ತಾರೆ. ಅವೆರಡನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್.

ಯಾವಾಗ, ಎಲ್ಲಿ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿರುತ್ತವೆ. ಕೈ ಖಾಲಿ ಇದೆ, ಆಗಲೇ ಮಾಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಗಟ್ಟಿ ಶೆಡ್ ಇದ್ದರೆ ಮಾಡಿ. ತಾಡಪಾಲು ಕಟ್ಟಿಕೊಂಡು ಆಷಾಢದ ಗಾಳಿಮಳೆಯಲ್ಲಿ ಕರೆಂಟಿನ ಮಷಿನ್ ಹಿಡಿಯುವುದು ಬೇಡ. ನಾನು ಮಾಡಿದ್ದು ದೀಪಾವಳಿ ಕಳೆದ ಮೇಲೆ, ಹಿತ್ತಿಲಿನ ಹಲಸಿನ ಮರದ ನೆರಳಲ್ಲಿ.

ನೆರಳು ಬೇಕೇ ಬೇಕು. ಬಿಸಿಲಿಗೆ ಕಾದ ಮೈ ಮೇಲೆ ರಬ್ಬಿಂಗ್ ಕಾಂಪೌಂಡ್ (ತಿಕ್ಕಿ ಹೊಳಪು ತರುವ ಪೇಸ್ಟ್) ಹಾಕಿದ ತಕ್ಷಣ ಒಣಗಿ ಹಿಡಿದುಕೊಳ್ಳುತ್ತದೆ, ತಿಕ್ಕಿದರೆ ಗೀರು ಬೀಳುತ್ತದೆ. ಅಂಗೈ ಇಟ್ಟರೆ ತಣ್ಣಗಿರಬೇಕು. ಬೆಳಿಗ್ಗೆ ಆರೂವರೆಯಿಂದ ಹತ್ತು ಗಂಟೆ ಒಳ್ಳೇ ಹೊತ್ತು. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಕಾರಣ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ದೋಣಿಯನ್ನು ಹಳೇ ಟಯರು, ಹೊಯ್ಗೆ (ಮರಳು) ಚೀಲದ ಮೇಲೆ ಸೊಂಟದೆತ್ತರಕ್ಕೆ ಕೂರಿಸಿ. ಅಲುಗಾಡಬಾರದು. ನೆಲದ ಮೇಲೇ ಇಟ್ಟು ಬಗ್ಗಿ ಮಾಡಿದರೆ ಎರಡನೇ ದಿನ ನೀವು ಏಳುವುದಿಲ್ಲ.

ಏನೇನು ಬೇಕು?

ಕಾರಿಗೆ ಪೇಂಟ್ ಮಾಡುವವರಿಗೆ ಸಾಮಾನು ಸಿಗುವ ಅಂಗಡಿಯಲ್ಲೇ ಮುಕ್ಕಾಲು ಪಾಲು ಸಿಗುತ್ತದೆ. 800, 1000, 1500 ನಂಬರಿನ ವಾಟರ್ ಪೇಪರ್ ತಲಾ ಎಂಟ್ಹತ್ತು ಹಾಳೆ, ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು. ಒಂದು ಲೀಟರ್ ರಬ್ಬಿಂಗ್ ಕಾಂಪೌಂಡ್. ಫೈಬರ್ ಬೋಟಿಗೆ ಅಂತಲೇ ಬರುವುದು ಸಿಕ್ಕರೆ ಅದನ್ನೇ ತನ್ನಿ, ಕಾರಿನದು ಜೆಲ್‌ಕೋಟಿನ ಮೇಲೆ ನಿಧಾನ. ಅರ್ಧ ಲೀಟರ್ ಫಿನಿಶಿಂಗ್ ಪಾಲಿಶ್, ಒಂದು ಡಬ್ಬಿ ಪೇಸ್ಟ್ ವ್ಯಾಕ್ಸ್. ಉಣ್ಣೆಯ ಪ್ಯಾಡ್ ಎರಡು, ಫೋಮ್ ಪ್ಯಾಡ್ ಒಂದು. ಮೈಕ್ರೋಫೈಬರ್ ಬಟ್ಟೆ ಒಂದು ಡಜನ್. ಹಳೇ ಬನಿಯನ್ ಸಾಕು ಅನ್ನಬೇಡಿ, ಅದರ ಹೊಲಿಗೆಯೇ ಗೀರು ಹಾಕುತ್ತದೆ. ಮಾಸ್ಕಿಂಗ್ ಟೇಪ್, ಕೈಗವಸು, ಕನ್ನಡಕ, ಧೂಳಿನ ಮಾಸ್ಕ್.

ಮಷಿನ್ ವಿಷಯದಲ್ಲಿ ಜನ ಎಡವುತ್ತಾರೆ. ಬೇಕಾಗಿರುವುದು ವೇಗ ಹೆಚ್ಚು ಕಡಿಮೆ ಮಾಡಲು ಬರುವ ಪಾಲಿಶರ್. ನಿಮಿಷಕ್ಕೆ 600ರಿಂದ 3000 ಸುತ್ತಿನದು ಆಗುತ್ತದೆ. ಮನೆಯಲ್ಲಿರುವ ನಾಲ್ಕು ಇಂಚಿನ ಗ್ರೈಂಡರ್‌ಗೆ ಪ್ಯಾಡ್ ಸಿಕ್ಕಿಸಿ ಮಾಡುತ್ತೇನೆ ಅಂತ ಹೊರಡಬೇಡಿ. ಅದು ಸುಮಾರು 11000 ಸುತ್ತು ತಿರುಗುತ್ತದೆ. ಜೆಲ್‌ಕೋಟ್ ಕ್ಷಣದಲ್ಲಿ ಸುಡುತ್ತದೆ. ಕೈಯಲ್ಲೇ ಮಾಡಬಹುದಾ? ಹತ್ತು ಅಡಿ ದೋಣಿಯಾದರೆ ಮಾಡಬಹುದು. ನನ್ನ ದೋಣಿಯ ಎರಡು ಬದಿ, ಹಿಂದಿನ ಹಲಗೆ ಸೇರಿ ಸುಮಾರು ನೂರು ಚದರ ಅಡಿ. ಕೈಯಲ್ಲಿ ನಾನಂತೂ ಮಾಡಲಾರೆ.

ತೊಳೆಯುವುದು, ಕಲೆ ತೆಗೆಯುವುದು

ಮೊದಲು ಸಿಹಿನೀರಿನ ಪೈಪು ಹಿಡಿದು ಉಪ್ಪು, ಹೊಯ್ಗೆ ಪೂರ್ತಿ ಹೋಗುವ ತನಕ ತೊಳೆಯಿರಿ. ಆಮೇಲೆ ಸೋಪಿನ ನೀರು, ಮೆತ್ತನೆ ಬ್ರಶ್. ಒಂದು ಹೊಯ್ಗೆ ಕಣ ಉಳಿದರೂ ಮುಂದೆ ಅದು ಪೇಪರಿನ ಅಡಿ ಸಿಕ್ಕಿ ಉದ್ದ ಗೆರೆ ಎಳೆಯುತ್ತದೆ. ಚಿಪ್ಪು ಅಂಟಿದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಕತ್ತಿ ಬೇಡ.

ನಮ್ಮ ಕಡೆಯ ದೋಣಿಗೆ ಇನ್ನೊಂದು ರೋಗ ಉಂಟು. ಮಳೆಗಾಲದಲ್ಲಿ ಹೊಳೆ ತುಂಬ ಕೆಂಪು ನೀರು. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ನೀರಿನ ಗೆರೆಯ ಸುತ್ತ ಚಹಾದ ಬಣ್ಣದ ಪಟ್ಟಿ ಕೂತುಬಿಡುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಬೋಲ್ಟಿನ ಕೆಳಗೆ ಇಳಿದ ತುಕ್ಕಿನ ಗೆರೆಯೂ ಇದೇ ಜಾತಿ. ಇವನ್ನು ತಿಕ್ಕಿ ತೆಗೆಯಲು ಹೋಗಬೇಡಿ. ಆಕ್ಸಾಲಿಕ್ ಆಸಿಡ್ ಇರುವ ತುಕ್ಕು ತೆಗೆಯುವ ದ್ರಾವಣ ಸಿಗುತ್ತದೆ. ಕೈಗವಸು, ಕನ್ನಡಕ ಹಾಕಿ ಬ್ರಶ್ಶಿನಲ್ಲಿ ಹಚ್ಚಿ, ಐದು ಹತ್ತು ನಿಮಿಷ ಬಿಟ್ಟು, ಒಣಗುವ ಮುಂಚೆ ಧಾರಾಳ ನೀರಲ್ಲಿ ತೊಳೆಯಿರಿ. ಕಲೆ ತಾನಾಗಿ ಕರಗಿ ಹೋಗುತ್ತದೆ. ಇದು ವಿಷ. ಮಕ್ಕಳು, ನಾಯಿ ಹತ್ತಿರ ಬಾರದಂತೆ ನೋಡಿಕೊಳ್ಳಿ. ಬ್ಲೀಚಿಂಗ್ ಜೊತೆ ಬೆರೆಸಬೇಡಿ. ಇಂಜಿನ್ನಿನ ಅಲ್ಯೂಮಿನಿಯಂ ಮೈಗೆ ತಾಗಿಸಬೇಡಿ. ತೊಳೆದ ನೀರು ಬಾವಿ ಕಡೆ ಹರಿಯದಿರಲಿ.

ಪೂರ್ತಿ ಒಣಗಿದ ಮೇಲೆ ಥಿನ್ನರಿನಲ್ಲಿ ಒಂದು ಸಲ ಒರೆಸಿ. ಹಳೇ ವ್ಯಾಕ್ಸ್, ಡೀಸೆಲ್ ಜಿಡ್ಡು ಉಳಿದರೆ ಕಾಂಪೌಂಡ್ ಜಾರುತ್ತದೆ. ಒಂದು ಕೈಯಲ್ಲಿ ಥಿನ್ನರ್ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ. ಆರುವ ಮುಂಚೆ ಒಣ ಬಟ್ಟೆ ಜಿಡ್ಡನ್ನು ಎತ್ತಬೇಕು. ಬಟ್ಟೆ ಆಗಾಗ ಬದಲಿಸಿ, ಇಲ್ಲದಿದ್ದರೆ ಸುಮ್ನೆ ಜಿಡ್ಡನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸಿದ ಹಾಗಾಗುತ್ತದೆ. ಹತ್ತಿರ ಬೀಡಿ, ಬೆಂಕಿ ಬೇಡ.

ಈಗ ನೋಂದಣಿ ನಂಬರು, ರಬ್ಬರ್ ಅಂಚು, ಸ್ಟೀಲಿನ ಭಾಗಗಳಿಗೆ ಟೇಪ್ ಹಚ್ಚಿ. ಪೇಂಟಿನಲ್ಲಿ ಬರೆದ ನಂಬರು ಕಾಂಪೌಂಡಿಗೆ ಅಳಿಸಿ ಹೋಗುತ್ತದೆ. ಅಳಿಸಿದ ನಂಬರಿನಲ್ಲಿ ಕಡಲಿಗೆ ಇಳಿದರೆ ಕರಾವಳಿ ಪೊಲೀಸರ ಹತ್ತಿರ ಉತ್ತರ ಹೇಳಬೇಕಾಗುತ್ತದೆ. ಸ್ಟಿಕರ್ ಆದರೆ ಕಿತ್ತು ಹೊಸದು ಹಾಕುವುದೇ ಒಳ್ಳೆಯದು. ಸ್ಟಿಕರಿನ ಅಡಿ ಬಿಸಿಲು ಬೀಳದೆ ಜೆಲ್‌ಕೋಟ್ ಹೊಸದರಂತೇ ಇರುತ್ತದೆ. ಆ ಅಕ್ಷರಗಳ ನೆರಳು ನಿಮಗೆ ಮೂಲ ಬಣ್ಣ ಯಾವುದಿತ್ತು ಅಂತ ತೋರಿಸುತ್ತದೆ. ನನ್ನ ದೋಣಿಯಲ್ಲಿ ಆ ನೀಲಿ ನೋಡಿ ನಾನೇ ದಂಗಾದೆ. ಇಷ್ಟು ಕಡು ಇತ್ತು ಅನ್ನುವುದೇ ಮರೆತುಹೋಗಿತ್ತು.

ಒಂದು ಚದರ ಅಡಿಯ ಪರೀಕ್ಷೆ

ಇಡೀ ಕೆಲಸದಲ್ಲಿ ಒಂದು ಹಂತ ಬಿಡಬಾರದು ಅಂದರೆ ಅದು ಇದೇ. ಜಾಸ್ತಿ ಮಾಸಿದ ಬದಿಯಲ್ಲಿ, ಸಾಮಾನ್ಯವಾಗಿ ಕಟ್ಟಿಟ್ಟಾಗ ಪಡುವಣ ಬಿಸಿಲು ಬೀಳುವ ಕಡೆ, ಟೇಪಿನಲ್ಲಿ ಒಂದಡಿ ಉದ್ದಗಲದ ಚೌಕ ಮಾಡಿ. ಅದರೊಳಗೆ ಅತಿ ಮೆತ್ತನೆಯದರಿಂದ ಶುರು ಮಾಡಿ. ಮೊದಲು ಬರೀ ಪಾಲಿಶ್. ಹೊಳಪು ಬಂತಾ? ಬಂದರೆ ಇಡೀ ದೋಣಿಗೆ ಅಷ್ಟೇ ಸಾಕು, ಮುಂದಿನದೆಲ್ಲ ಮರೆತುಬಿಡಿ. ಬರಲಿಲ್ಲವಾ? ಕಾಂಪೌಂಡ್ ಹಾಕಿ. ಅದಕ್ಕೂ ಬಗ್ಗದಿದ್ದರೆ 1500 ನಂಬರಿನ ಪೇಪರ್, ಆಮೇಲೆ 1000, ಕೊನೆಗೆ 800.

ಎಲ್ಲಿ ಕೆಲಸ ಆಯಿತೋ ಅಲ್ಲಿಂದ ಶುರು ಮಾಡಬೇಕು. ಒಂದು ನಂಬರ್ ಕೂಡ ಒರಟು ಬೇಡ. ನನ್ನ ದೋಣಿಯ ಎಡಬದಿಗೆ 800 ಬೇಕಾಯಿತು. ಮರದ ನೆರಳಿನಲ್ಲಿದ್ದ ಬಲಬದಿಗೆ 1500 ಸಾಕಾಯಿತು. ಒಂದೇ ದೋಣಿ, ಎರಡು ಬದಿಗೆ ಎರಡು ಔಷಧ. ಬೇಗ ಮುಗಿಯಲಿ ಅಂತ 400ರ ಪೇಪರ್ ಹಿಡಿದು ಶುರು ಮಾಡಿದವರನ್ನು ನೋಡಿದ್ದೇನೆ. ಆ ಗೀರು ತೆಗೆಯಲು ಮೂರು ಪಟ್ಟು ಹೊತ್ತು, ಮೂರು ಪಟ್ಟು ಜೆಲ್‌ಕೋಟ್ ಹೋಗುತ್ತದೆ.

ವಾಟರ್ ಪೇಪರ್ ಹಿಡಿಯುವ ಕ್ರಮ

ಪರೀಕ್ಷೆಯಲ್ಲಿ ಪೇಪರ್ ಬೇಕಾಗಲಿಲ್ಲ ಅಂದರೆ ಈ ಭಾಗ ದಾಟಿ ಹೋಗಿ.

ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿಡಿ. ಬಕೆಟ್ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿದರೆ ಪೇಪರ್ ಕಚ್ಚದೆ ಓಡುತ್ತದೆ. ಬರೀ ಬೆರಳಿನಲ್ಲಿ ತಿಕ್ಕಬೇಡಿ. ಬೆರಳಿನ ಒತ್ತು ಬಿದ್ದಲ್ಲಿ ತಗ್ಗಾಗುತ್ತದೆ, ಹೊಳಪು ಬಂದ ಮೇಲೆ ನೆರಿಗೆ ನೆರಿಗೆಯಾಗಿ ಕಾಣುತ್ತದೆ. ನಾನು ಸವೆದ ಹವಾಯಿ ಚಪ್ಪಲಿಯನ್ನು ಅಂಗೈ ಅಗಲಕ್ಕೆ ಕತ್ತರಿಸಿ ಅದಕ್ಕೆ ಪೇಪರ್ ಸುತ್ತಿಕೊಂಡೆ. ದೋಣಿಯ ಬಾಗಿಗೆ ಸರಿಯಾಗಿ ಬಗ್ಗುತ್ತದೆ.

ಎರಡಡಿ ಚೌಕ ಹಿಡಿದು ಅದರ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯಿರಿ. 800ರಲ್ಲಿ ದೋಣಿಯ ಉದ್ದಕ್ಕೆ ತಿಕ್ಕಿ. ನೀರು ಬಿಡುತ್ತಲೇ ಇರಿ. ಪೆನ್ಸಿಲ್ ಗೆರೆ ಎಲ್ಲ ಕಡೆ ಒಂದೇ ಸಮ ಮಾಯವಾದಾಗ ನಿಲ್ಲಿಸಿ. ಶುರುವಿನಲ್ಲಿ ಸುಣ್ಣದ ತಿಳಿಯಂಥ ನೀರು ಇಳಿಯುತ್ತದೆ. ಅದು ಸತ್ತ ಪದರ. ಸ್ವಲ್ಪ ಹೊತ್ತಿಗೆ ನೀರಿನ ಬಣ್ಣ ಗಾಢವಾಗುತ್ತದೆ, ಪೇಪರ್ ಓಡುವ ಸದ್ದೂ ಬದಲಾಗುತ್ತದೆ. ಕರಕರ ಅನ್ನುತ್ತಿದ್ದದ್ದು ಸುಯ್ಯ ಅನ್ನುತ್ತದೆ. ಗಟ್ಟಿ ಜೆಲ್‌ಕೋಟ್ ಸಿಕ್ಕಿತು ಅಂತ ಕಿವಿಗೇ ಗೊತ್ತಾಗುತ್ತದೆ.

ಈಗ ಇಡೀ ಬದಿ ತೊಳೆದು, ಬಕೆಟ್ ನೀರನ್ನೂ ಬದಲಿಸಿ. ಹಳೇ ನೀರಿನಲ್ಲಿರುವ 800ರ ಕಣ ಮುಂದಿನ ಕೆಲಸ ಕೆಡಿಸುತ್ತದೆ. 1000 ನಂಬರನ್ನು ಮೇಲಿಂದ ಕೆಳಕ್ಕೆ ತಿಕ್ಕಿ. ಉದ್ದದ ಗೀರು ಒಂದೂ ಉಳಿಯಬಾರದು. 1500ನ್ನು ಓರೆಯಾಗಿ ತಿಕ್ಕಿ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ನಂಬರಿನ ಗೀರು ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಒಂದು ನಂಬರ್ ಹಾರಿಸಿದರೆ ಕೊನೆಗೆ ಬಿಸಿಲಲ್ಲಿ ದೋಣಿ ನಿಲ್ಲಿಸಿದಾಗ ಆ ಗೀರು ಎದ್ದು ನಗುತ್ತದೆ.

ಮೂಲೆ, ಏಣು, ಮೂತಿಯ ಚೂಪು ಈ ಮೂರೂ ಕಡೆ ಜೆಲ್‌ಕೋಟ್ ಮೊದಲೇ ತೆಳು. ಅಲ್ಲಿಗೆ ಟೇಪ್ ಹಚ್ಚಿಟ್ಟು ಕೊನೆಗೆ ಕೈಯಲ್ಲಿ ಬರೀ ಕಾಂಪೌಂಡ್ ತಿಕ್ಕಿ. ತಿಕ್ಕುತ್ತಿರುವಾಗ ಬಣ್ಣ ಏಕಾಏಕಿ ಬೇರೆಯಾಗತೊಡಗಿದರೆ ಕೈ ಎತ್ತಿ. ಇನ್ನೊಂದೇ ಸಲ ಅಂತ ಹೋದರೆ ನಾರು ಕಾಣುತ್ತದೆ.

ಇಷ್ಟಾದಾಗ ದೋಣಿ ಮೊದಲಿಗಿಂತ ಮಂಕಾಗಿ, ಸ್ಲೇಟಿನ ಹಾಗೆ ಕಾಣುತ್ತದೆ. ನಮ್ಮ ಪಕ್ಕದ ಮನೆಯ ಹಿರಿಯರು, ನಲವತ್ತು ವರ್ಷ ತಂಡೇಲರಾಗಿದ್ದವರು (ಬೋಟು ನಡೆಸುವ ಮುಖ್ಯಸ್ಥ), ಬೇಲಿ ಆಚೆ ನಿಂತು ನೋಡಿ, "ಎಂತ ಮಾರಾಯಾ, ಇದ್ದ ಬಣ್ಣವೂ ತೆಗೆದಿಯಲ್ಲ!" ಅಂದರು. ಗಾಬರಿ ಬೇಡ. ಎಲ್ಲ ಕಡೆ ಒಂದೇ ಸಮ ಮಂಕಾಗಿದ್ದರೆ ಕೆಲಸ ಸರಿಯಾಗಿದೆ ಅಂತಲೇ ಅರ್ಥ.

ಮಷಿನ್ ಕೆಲಸ

ಮೊದಲು ಕರೆಂಟ್. ಸುತ್ತ ನೆಲ ಒದ್ದೆ ಇರುತ್ತದೆ. ಪ್ಲಗ್ ಪಾಯಿಂಟಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇರಲಿ. ಎಕ್ಸ್‌ಟೆನ್ಶನ್ ಬೋರ್ಡನ್ನು ಸ್ಟೂಲಿನ ಮೇಲಿಡಿ. ಮಷಿನಿನ ವೈರನ್ನು ಹೆಗಲ ಮೇಲಿಂದ ಬೆನ್ನಿಗೆ ಬಿಟ್ಟುಕೊಂಡರೆ ಪ್ಯಾಡಿಗೆ ಸಿಕ್ಕುವುದಿಲ್ಲ. ಉದ್ದ ತೋಳಿನ ಅಂಗಿ, ಕೊರಳಿನ ಟವೆಲ್ ಬೇಡ.

ಉಣ್ಣೆ ಪ್ಯಾಡನ್ನು ನೀರಿನ ಸ್ಪ್ರೇಯಲ್ಲಿ ಸ್ವಲ್ಪ ಹಸಿ ಮಾಡಿ. ಎರಡಡಿ ಚೌಕದ ಜಾಗಕ್ಕೆ ಕಾಂಪೌಂಡಿನ ನಾಲ್ಕೈದು ಬೊಟ್ಟು ಸಾಕು, ಒಂದೊಂದು ಕಡಲೆಕಾಳಿನಷ್ಟು ದಪ್ಪವೂ ಬೇಡ, ಹೆಸರುಕಾಳಿನಷ್ಟು. ಮಷಿನ್ ನಿಲ್ಲಿಸಿಕೊಂಡೇ ಪ್ಯಾಡಿನಿಂದ ಅದನ್ನು ಹರಡಿ. ಮೈಗೆ ತಾಗಿಸಿಟ್ಟು ಆಮೇಲೆ ಸ್ವಿಚ್ ಒತ್ತಿ, ಮೊದಲು ನಿಧಾನ. ಗಾಳಿಯಲ್ಲಿ ತಿರುಗಿಸಿ ಇಟ್ಟರೆ ಕಾಂಪೌಂಡ್ ನಿಮ್ಮ ಮುಖಕ್ಕೇ ಬರುತ್ತದೆ. ಹರಡಿದ ಮೇಲೆ 1200ರಿಂದ 1800 ಸುತ್ತಿಗೆ ಏರಿಸಿ.

ಪ್ಯಾಡನ್ನು ಮೈಗೆ ಹೆಚ್ಚು ಕಡಿಮೆ ಸಮತಟ್ಟಾಗಿ ಹಿಡಿಯಿರಿ. ಮಷಿನಿನ ಭಾರ, ಅದಕ್ಕೆ ನಿಮ್ಮ ಕೈಯ ಸ್ವಲ್ಪ ಒತ್ತು. ಎಡದಿಂದ ಬಲಕ್ಕೆ, ಪ್ರತಿ ಸಾಲು ಹಿಂದಿನದರ ಅರ್ಧವನ್ನು ಮುಚ್ಚುವ ಹಾಗೆ. ಆಮೇಲೆ ಮೇಲಿಂದ ಕೆಳಕ್ಕೆ. ಎಲ್ಲೂ ನಿಲ್ಲಬೇಡಿ. ಮೂರು ನಾಲ್ಕು ಸುತ್ತಿಗೆ ಕಾಂಪೌಂಡ್ ತೆಳುವಾಗಿ, ಸ್ಲೇಟಿನಂಥ ಮೈಯೊಳಗಿಂದ ಬಣ್ಣ ನಿಧಾನ ಎದ್ದು ಬರುತ್ತದೆ. ಮೊದಲು ಮಷಿನಿನ ನೆರಳು ಕಾಣುತ್ತದೆ, ಆಮೇಲೆ ನಿಮ್ಮ ಕೈ, ಆಮೇಲೆ ಹಿಂದಿನ ಹಲಸಿನ ಮರದ ಎಲೆ. ಇಡೀ ಕೆಲಸದಲ್ಲಿ ಖುಷಿ ಕೊಡುವುದು ಈ ಹತ್ತು ನಿಮಿಷವೇ.

ಈ ಖುಷಿಯಲ್ಲೇ ನಾನು ಎಡವಟ್ಟು ಮಾಡಿಕೊಂಡೆ. ಹಿಂದಿನ ಹಲಗೆ ಬದಿಗೆ ಸೇರುವ ಏಣಿನ ಮೇಲೆ ಒಂದು ಗೀರಿತ್ತು. ಅದೊಂದು ಹೋಗಲಿ ಅಂತ ಪ್ಯಾಡಿನ ಅಂಚನ್ನು ಓರೆ ಮಾಡಿ ಒತ್ತಿ ಹಿಡಿದೆ. ಮೂರೋ ನಾಲ್ಕೋ ಸೆಕೆಂಡು. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಮಷಿನ್ ಎತ್ತಿ ನೋಡಿದರೆ ಐವತ್ತು ಪೈಸೆಯಷ್ಟು ಅಗಲಕ್ಕೆ ನೀಲಿ ಹೋಗಿ ಕಂದು ನಾರು ಹಲ್ಲು ಕಿರಿಯುತ್ತಿತ್ತು. ಅದಕ್ಕೆ ಮತ್ತೆ ಜೆಲ್‌ಕೋಟ್ ತುಂಬಿ, ಗಟ್ಟಿಯಾಗಲು ಕಾದು, ತಿಕ್ಕಿ ಸಮ ಮಾಡಲು ಎರಡು ದಿನ ಹೋಯಿತು. ಬಣ್ಣ ಇವತ್ತಿಗೂ ಪೂರ್ತಿ ಹೊಂದಿಲ್ಲ. ಏಣಿನ ಹತ್ತಿರ ಬಂದಾಗ ಪ್ಯಾಡಿನ ಸುತ್ತು ಏಣಿನಿಂದ ಹೊರಕ್ಕೆ ಜಾರುವ ಹಾಗಿರಬೇಕು, ಏಣನ್ನು ಎದುರಿಂದ ಕೆರೆಯುವ ಹಾಗಲ್ಲ. ನಡುನಡುವೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಬೇರೆ ಜಾಗಕ್ಕೆ ಹೋಗಿ.

ಪ್ರತಿ ಎರಡು ಮೂರು ಚೌಕಕ್ಕೊಮ್ಮೆ ಪ್ಯಾಡನ್ನು ಬ್ರಶ್ಶಿನಲ್ಲಿ ಕೆರೆದು ಸ್ವಚ್ಛ ಮಾಡಿ. ಗಟ್ಟಿಯಾದ ಕಾಂಪೌಂಡ್ ಉಣ್ಣೆಯಲ್ಲಿ ಗಂಟುಗಟ್ಟಿದರೆ ಅದೇ ಹೊಸ ಗೀರಿನ ತಾಯಿ. ಪ್ಯಾಡ್ ನೆಲಕ್ಕೆ ಬಿತ್ತಾ? ತೊಳೆಯದೆ ಮತ್ತೆ ಮುಟ್ಟಿಸಬೇಡಿ.

ಒಂದು ಬದಿ ಮುಗಿದ ಮೇಲೆ ಪರೀಕ್ಷೆ ಮಾಡಿ. ಕಾಂಪೌಂಡಿನಲ್ಲಿರುವ ಎಣ್ಣೆ ಅಂಶ ಗೀರುಗಳನ್ನು ಮುಚ್ಚಿಟ್ಟಿರುತ್ತದೆ. ಥಿನ್ನರಿನಲ್ಲಿ ಲಘುವಾಗಿ ಒಂದು ಸಲ ಒರೆಸಿ, ಸಂಜೆ ಕತ್ತಲಾದ ಮೇಲೆ ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಉದ್ದ ಗೆರೆ ಕಂಡರೆ ಪೇಪರಿನ ಗೀರು ಉಳಿದಿದೆ, ಆ ಜಾಗಕ್ಕೆ ಮತ್ತೆ ಕಾಂಪೌಂಡ್ ಬೇಕು. ರಂಗೋಲಿಯ ಸುಳಿಯಂತೆ ಕಂಡರೆ ಅದು ಉಣ್ಣೆ ಪ್ಯಾಡಿನ ಗುರುತು. ಅದನ್ನು ಫೋಮ್ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್ ತೆಗೆಯುತ್ತದೆ. ಕ್ರಮ ಅದೇ, ವೇಗ 1000ದಿಂದ 1200, ಒತ್ತು ಕಡಿಮೆ. ಗಾಢ ಬಣ್ಣದ ದೋಣಿಗೆ ಈ ಸುತ್ತು ತಪ್ಪಿಸಬೇಡಿ. ಬಿಳಿ ದೋಣಿಗೆ ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ.

ಈಗ ವ್ಯಾಕ್ಸ್

ಹೊಳಪು ಆಗಲೇ ಬಂದಾಗಿದೆ. ವ್ಯಾಕ್ಸಿನ ಕೆಲಸ ಅದಕ್ಕೆ ಕೊಡೆ ಹಿಡಿಯುವುದು. ಕಾರ್ನೌಬಾ ಅನ್ನುವುದು ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಯ ಮೇಣ. ಪೇಸ್ಟ್ ವ್ಯಾಕ್ಸಿನ ಡಬ್ಬಿ ಮೇಲೆ ಆ ಹೆಸರು ಕಾಣುತ್ತೀರಿ. ಹೊಳಪು ಚೆನ್ನ, ನಮ್ಮ ಬಿಸಿಲಿಗೆ ಬಾಳಿಕೆ ಕಡಿಮೆ. ಪಾಲಿಮರ್ ಸೀಲೆಂಟ್ ಸ್ವಲ್ಪ ಜಾಸ್ತಿ ದಿನ ಬರುತ್ತದೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಬರುತ್ತದೆ, ಆದರೆ ಅದರ ಅಡಿಯಲ್ಲಿ ಉಳಿದ ತಪ್ಪೂ ಅಷ್ಟೇ ದಿನ ಉಳಿಯುತ್ತದೆ. ಮೊದಲ ಸಲ ಮಾಡುವವರಿಗೆ ಪೇಸ್ಟ್ ವ್ಯಾಕ್ಸೇ ಸರಿ.

ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ಒರೆಸಲು ಕಷ್ಟ ಅಷ್ಟೆ. ಮೂರಡಿ ಮೂರಡಿಯಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿ. ಗೆರೆ ಒಣಗಿ ಸ್ವಚ್ಛ ಬಂದರೆ ಒರೆಸಬಹುದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಇದಕ್ಕೆ ಹೆಚ್ಚು ಹೊತ್ತು ಬೇಕು. ಮರುದಿನ ಎರಡನೇ ಕೋಟ್.

ಎರಡು ಕಡೆ ವ್ಯಾಕ್ಸ್ ಬೇಡವೇ ಬೇಡ. ಒಂದು, ನೀರಿನ ಗೆರೆಯ ಕೆಳಗೆ. ಅಲ್ಲಿ ಹಚ್ಚುವ ಚಿಪ್ಪು ತಡೆಯುವ ಪೇಂಟ್ ವ್ಯಾಕ್ಸಿನ ಮೇಲೆ ಹಿಡಿಯುವುದಿಲ್ಲ. ಇನ್ನೊಂದು, ಕಾಲಿಡುವ ಜಾಗ. ದೋಣಿಯ ಒಳನೆಲ, ಹತ್ತುವ ಅಂಚು ಹೊಳೆಯಲಿ ಅಂತ ಅಲ್ಲಿಗೂ ಹಚ್ಚಿ, ಒದ್ದೆ ಕಾಲಲ್ಲಿ ಜಾರಿ ಬಲೆಯ ಮೇಲೆ ಬಿದ್ದವರು ನಮ್ಮಲ್ಲೇ ಇದ್ದಾರೆ.

ಹೊಳಪು ಉಳಿಸಿಕೊಳ್ಳಲು

ಕಡಲಿಂದ ಬಂದ ದಿನ ಸಿಹಿನೀರಿನಲ್ಲಿ ಎರಡು ನಿಮಿಷ ತೊಳೆದರೆ ಹೊಳಪಿನ ಆಯುಷ್ಯ ಜಾಸ್ತಿ. ತಾಡಪಾಲು ಮುಚ್ಚುವುದಾದರೆ ಮೈಗೆ ಅಂಟಿಸಿ ಕಟ್ಟಬೇಡಿ. ಗಾಳಿಗೆ ಬಡಿದು ಅದೇ ಸ್ಯಾಂಡ್‌ಪೇಪರಿನ ಕೆಲಸ ಮಾಡುತ್ತದೆ, ಒಳಗೆ ಬೆವರು ನಿಲ್ಲುತ್ತದೆ. ನಡುವೆ ಬಿದಿರು ಅಡ್ಡ ಕಟ್ಟಿ ಡೇರೆಯಂತೆ ಎತ್ತಿ ಹೊದಿಸಿ. ಧಕ್ಕೆಯಲ್ಲಿ (ದೋಣಿ ನಿಲ್ಲಿಸುವ ಕಟ್ಟೆಯಲ್ಲಿ) ತೂಗುಬಿಡುವ ಹಳೇ ಟಯರು ಕಪ್ಪು ಗುರುತು ಬಿಡುತ್ತದೆ. ಟಯರಿಗೆ ದಪ್ಪ ಬಟ್ಟೆ ಸುತ್ತಿ.

ವ್ಯಾಕ್ಸ್ ಮುಗಿದದ್ದು ನೀರೇ ಹೇಳುತ್ತದೆ. ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಉರುಳುತ್ತಿದ್ದರೆ ಇನ್ನೂ ಇದೆ. ನೀರು ಮೈಗೆ ಅಂಟಿ ಹರಡಿಕೊಂಡರೆ ಹೋಯಿತು. ನನ್ನ ದೋಣಿಗೆ ನಾಲ್ಕು ತಿಂಗಳಿಗೊಮ್ಮೆ ಬೇಕಾಗುತ್ತದೆ. ಬೆಳಿಗ್ಗೆ ಎರಡು ಗಂಟೆಯ ಕೆಲಸ, ಮಷಿನ್ ಬೇಡ. ಇದನ್ನು ತಪ್ಪಿಸದಿದ್ದರೆ ಮತ್ತೆ ಪೇಪರ್ ಹಿಡಿಯುವ ದಿನ ಬಹಳ ದೂರ ಹೋಗುತ್ತದೆ.

ಜೆಲ್‌ಕೋಟ್ ನಿಜಕ್ಕೂ ಮುಗಿದಿದ್ದರೆ ಪ್ರೈಮರ್ ಹಾಕಿ ಎರಡು ಡಬ್ಬಿಯ ಪಿಯು ಪೇಂಟ್ ಹೊಡೆಸಿ. ಅದನ್ನು ಸ್ಪ್ರೇ ಮಾಡುವಾಗ ಏಳುವ ಮಂಜಿನಲ್ಲಿ ಐಸೋಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಅದಕ್ಕೆ ಲೆಕ್ಕಕ್ಕಿಲ್ಲ. ಸರಿಯಾದ ಉಸಿರಾಟದ ಸಲಕರಣೆ ಇರುವ ವರ್ಕ್‌ಶಾಪಿಗೇ ಕೊಡಿ.

ನಮ್ಮ ದೋಣಿ ನೀರಿಗೆ ಇಳಿಯುವ ದಿನ ಪಕ್ಕದ ಮನೆಯ ತಂಡೇಲರು ಮತ್ತೆ ಬಂದರು. ಮೈಗೆ ಕೈ ಎಳೆದರು, ಅಂಗೈ ತಿರುಗಿಸಿ ನೋಡಿಕೊಂಡರು. ಪುಡಿ ಇರಲಿಲ್ಲ. "ಆ ಮಷಿನ್ ಭಾನುವಾರ ಖಾಲಿ ಉಂಟಾ?" ಅಂತ ಕೇಳಿದರು.